ಗುಡ್ಡಕ್ಕೆ ಬೆಂಕಿ ಬಿದ್ದಾಗ ನನ್ನ 249 ಗ್ರಾಂ ಡ್ರೋನ್ ಯಾರಿಗೆ ಅಡ್ಡ?

ಪ್ರಶ್ನೆ: ಸರ್, ನಾನು ಶಿರಸಿ ಕಡೆಯವನು. ಮದುವೆ, ಉಪನಯನಗಳ ವಿಡಿಯೊ ಮಾಡುತ್ತೇನೆ. ನನ್ನ ಹತ್ತಿರ 249 ಗ್ರಾಂ ತೂಕದ ಸಣ್ಣ ಡ್ರೋನ್ ಇದೆ. ಕಳೆದ ಮಾರ್ಚ್‌ನಲ್ಲಿ ನಮ್ಮೂರ ಹಿಂದಿನ ಬೆಟ್ಟಕ್ಕೆ ಬೆಂಕಿ ಬಿತ್ತು. ಎತ್ತ ಹೋಗ್ತಿದೆ ನೋಡೋಣ ಅಂತ ಡ್ರೋನ್ ಎತ್ತಿದೆ. ಸ್ವಲ್ಪ ಹೊತ್ತಿಗೆ ಫಾರೆಸ್ಟ್ ಗಾರ್ಡ್ ಒಬ್ಬರು ಬಂದು ಎಲ್ಲರೆದುರು ಬೈದು ಇಳಿಸೋಕೆ ಹೇಳಿದರು. ಅಮೆರಿಕದಲ್ಲಿ ಡ್ರೋನ್ ತಾಗಿ ಬೆಂಕಿ ಆರಿಸುವ ವಿಮಾನಕ್ಕೇ ತೂತು ಬಿದ್ದಿದೆ, ಗೊತ್ತಾ ಅಂದರು. ನಮ್ಮಲ್ಲಿ ಬೆಂಕಿ ಆರಿಸೋಕೆ ವಿಮಾನ ಎಲ್ಲಿ ಬರುತ್ತೆ ಸರ್? ಸೊಪ್ಪು ಹಿಡಿದು ಬಡಿಯೋದು ನಾವೇ. ನಾನು ಮಾಡಿದ್ದು ತಪ್ಪಾ?

ಉತ್ತರ: ತಪ್ಪು, ಹೌದು. ಆದರೆ ನೀವು ಕೇಳಿದ್ದು ನ್ಯಾಯವಾದ ಪ್ರಶ್ನೆ. ಹಾಗಾಗಿ ಬೈಗುಳ ಬಿಟ್ಟು ಕಾರಣ ಹೇಳುತ್ತೇನೆ. ನಾನು ಕೆಲಸದ ಜೀವನವನ್ನೆಲ್ಲ ಹೆಲಿಕಾಪ್ಟರ್‌ನಲ್ಲಿ ಕಳೆದವನು. ಈಗ ಕಾರವಾರದಲ್ಲಿ ಕೂತು ಹುಡುಗರಿಗೆ ಡ್ರೋನ್ ಹಾರಿಸುವುದನ್ನು ಕಲಿಸುತ್ತೇನೆ. ಎರಡೂ ಕಡೆಯಿಂದ ನೋಡಿದ್ದೇನೆ ಅನ್ನಿ.

ಮೊದಲು ಆ ಅಮೆರಿಕದ ಕಥೆ. ಗಾರ್ಡ್ ಹೇಳಿದ್ದು ನಿಜ. 2025ರ ಜನವರಿ 9ರಂದು ನಡೆದದ್ದು. ಲಾಸ್ ಏಂಜಲೀಸ್‌ನ ಪ್ಯಾಲಿಸೇಡ್ಸ್ ಬೆಂಕಿ ಹೊತ್ತಿ ಮೂರನೇ ದಿನ. ಕೆನಡಾದ ಕ್ವಿಬೆಕ್‌ನಿಂದ ಬಂದಿದ್ದ ಸಿಎಲ್-415 ಎಂಬ ವಿಮಾನ ಅಲ್ಲಿ ನೀರು ಸುರಿಯುತ್ತಿತ್ತು. ಇದು ವಿಚಿತ್ರ ವಿಮಾನ. ಹೊಟ್ಟೆ ದೋಣಿಯ ಹಾಗಿದೆ. ಸಮುದ್ರದ ಮೇಲೆ ಸವರಿಕೊಂಡು ಹೋಗುತ್ತಲೇ ಸುಮಾರು 12 ಸೆಕೆಂಡಿನಲ್ಲಿ 6,000 ಲೀಟರ್ ನೀರು ತುಂಬಿಕೊಳ್ಳುತ್ತದೆ. ನಮ್ಮ ಟ್ಯಾಂಕರ್ ಒಂದರ ನೀರು, 12 ಸೆಕೆಂಡ್! ಅದರ ಎಡ ರೆಕ್ಕೆಗೆ ಡ್ರೋನ್ ಬಡಿಯಿತು. ಮೂರು ಇಂಚು ಅಗಲ, ಆರು ಇಂಚು ಉದ್ದದ ತೂತು. ವಿಮಾನ ಕ್ಷೇಮವಾಗಿ ಇಳಿಯಿತು, ಆದರೆ ರಿಪೇರಿಗೆಂದು ಕೆಲವು ದಿನ ನಿಂತೇಬಿಟ್ಟಿತು. ಊರಿಗೆ ಊರೇ ಉರಿಯುತ್ತಿದ್ದ ದಿನಗಳವು.

ಡ್ರೋನ್ ಹಾರಿಸಿದವನು ಯಾರೋ ಕಿಡಿಗೇಡಿ ಅಂದುಕೊಳ್ಳಬೇಡಿ. ಸಾಂಟಾ ಮೋನಿಕಾದಲ್ಲಿ ಒಂದು ಪಾರ್ಕಿಂಗ್ ಕಟ್ಟಡದ ಮೇಲೆ ನಿಂತು, ಬೆಂಕಿಯಿಂದ ಏನಾಗಿದೆ ನೋಡೋಣ ಅಂತ ಎತ್ತಿದ್ದ. ಸುಮಾರು ಎರಡೂವರೆ ಕಿಲೋಮೀಟರ್ ದೂರ ಕಳಿಸಿದ. ಅಷ್ಟು ದೂರದಲ್ಲಿ ಡ್ರೋನ್ ಕಣ್ಣಿಗೆ ಕಾಣುವುದೇ ಇಲ್ಲ. ಅದೂ ನಿಮ್ಮದರ ಹಾಗೆ ಅಂಗಡಿಯಲ್ಲಿ ಸಿಗುವ ಚಿಕ್ಕ ಡ್ರೋನೇ. ಕೊನೆಗೆ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡ. ರಿಪೇರಿ ಖರ್ಚು 65 ಸಾವಿರ ಡಾಲರ್ ಕಟ್ಟುತ್ತೇನೆ, 150 ಗಂಟೆ ಸಮಾಜ ಸೇವೆ ಮಾಡುತ್ತೇನೆ ಎಂದು ಒಪ್ಪಂದಕ್ಕೆ ಸಹಿ ಹಾಕಿದ. ನಿಮಗೂ ಅವನಿಗೂ ಇದ್ದ ಉದ್ದೇಶ ಒಂದೇ, ಅಲ್ವಾ? ನೋಡಬೇಕಿತ್ತು, ಅಷ್ಟೇ.

ಆದರೆ ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಉದಾಹರಣೆ ಇನ್ನೊಂದಿದೆ. ಅದರಲ್ಲಿ ಯಾವುದಕ್ಕೂ ಯಾವುದೂ ಬಡಿಯಲೇ ಇಲ್ಲ. 2015ರ ಜುಲೈ 17. ಅದೇ ಕ್ಯಾಲಿಫೋರ್ನಿಯಾದ ಕಾಹೋನ್ ಘಾಟಿ. ಹೆದ್ದಾರಿ ಪಕ್ಕದ ಗುಡ್ಡಕ್ಕೆ ಬೆಂಕಿ. ನೀರು ಹೊತ್ತು ಬಂದ ಹೆಲಿಕಾಪ್ಟರ್‌ನವರಿಗೆ ಅಲ್ಲಿ ಡ್ರೋನ್‌ಗಳು ಕಂಡವು. ಒಂದಲ್ಲ, ಐದು. ಸುಮಾರು ಇಪ್ಪತ್ತು ನಿಮಿಷ ಅವರು ಹಿಂದೆ ಸರಿದರು. ಬೆಂಕಿ ಹೆದ್ದಾರಿಗೆ ಇಳಿಯಿತು. ಇಪ್ಪತ್ತರಷ್ಟು ವಾಹನ ಸುಟ್ಟವು. ಜನ ಕಾರು ಬಿಟ್ಟು ಓಡಿದರು. ಡ್ರೋನ್ ತಾಗುವುದೇ ಬೇಡ, ಕಂಡರೆ ಸಾಕು. ಅಮೆರಿಕದ ಅರಣ್ಯ ಸೇವೆಯವರು ಜನರಿಗೆ ಹೇಳುವುದೂ ಇದನ್ನೇ: ನೀವು ಹಾರಿಸಿದರೆ ನಮಗೆ ಹಾರಲು ಆಗುವುದಿಲ್ಲ.

ಯಾಕೆ ಅಷ್ಟು ಹೆದರಿಕೆ ಅಂತೀರಾ? ಹೆಲಿಕಾಪ್ಟರ್ ಒಳಗೆ ಕೂತು ನೋಡಿದರೆ ಗೊತ್ತಾಗುತ್ತದೆ. ನೀರು ಒಯ್ಯುವ ದೊಡ್ಡ ಚೀಲಕ್ಕೆ ಬಾಂಬಿ ಬಕೆಟ್ ಎನ್ನುತ್ತಾರೆ. ಅದು ಹಗ್ಗದಲ್ಲಿ ಹೆಲಿಕಾಪ್ಟರ್ ಕೆಳಗೆ ನೇತಾಡುತ್ತಿರುತ್ತದೆ. ತುಂಬಿದಾಗ ಟನ್‌ಗಟ್ಟಲೆ ಭಾರ. ಪೈಲಟ್‌ನ ಒಂದು ಕಣ್ಣು ಹೊಗೆಯ ಮೇಲೆ, ಒಂದು ಕಣ್ಣು ಇಂಜಿನ್ ಮೀಟರುಗಳ ಮೇಲೆ. ಹಿಂದೆ ಬಾಗಿಲಲ್ಲಿ ಒಬ್ಬ ಬೋರಲು ಮಲಗಿ ಬಕೆಟ್ ನೋಡುತ್ತಾ, ಎಡಕ್ಕೆ, ಇನ್ನೂ ಸ್ವಲ್ಪ, ಸಾಕು ಎಂದು ಹೇಳುತ್ತಿರುತ್ತಾನೆ. ಬೆಂಕಿಯ ಬಿಸಿಗೆ ಗಾಳಿ ಹಗುರಾಗಿರುತ್ತದೆ. ಯಂತ್ರಕ್ಕೆ ಎತ್ತುವ ಶಕ್ತಿ ಕಡಿಮೆ. ಇಷ್ಟರ ನಡುವೆ ಅಂಗೈಯಗಲದ ಬೂದು ಬಣ್ಣದ ವಸ್ತು ಹೊಗೆಯೊಳಗಿಂದ ಬಂದರೆ ಯಾರಿಗೆ ಕಾಣುತ್ತದೆ? ರೇಡಾರಿಗೂ ಸಿಗುವುದಿಲ್ಲ. ಕಂಡರೂ ಪಕ್ಕಕ್ಕೆ ಸರಿಯುವ ಹಾಗಿಲ್ಲ, ಕೆಳಗೆ ಭಾರ ತೂಗಾಡುತ್ತಿದೆ. ತೀರಾ ಅಪಾಯ ಅನ್ನಿಸಿದರೆ ಪೈಲಟ್ ಗುಂಡಿ ಒತ್ತಿ ಬಕೆಟನ್ನೇ ಕಳಚಿಬಿಡುತ್ತಾನೆ. ಅದರ ಕೆಳಗೆ ಯಾರಿರುತ್ತಾರೆ? ಸೊಪ್ಪು ಹಿಡಿದು ನಿಂತ ನೀವು.

ಇನ್ನು 249 ಗ್ರಾಂ ವಿಚಾರ. ಇದು ನನ್ನ ಹತ್ತಿರ ಬರುವ ಎಲ್ಲ ಹುಡುಗರ ಮೊದಲ ಮಾತು. ತೂಕ ಕಡಿಮೆ ಇದೆ, ಏನಾಗುತ್ತೆ ಸರ್ ಎನ್ನುತ್ತಾರೆ. ನಾನು ಒಂದು ಲೆಕ್ಕ ಹಾಕಿ ತೋರಿಸುತ್ತೇನೆ. ವೇಗದ ಬೌಲರ್ ಗಂಟೆಗೆ 140 ಕಿ.ಮೀ. ವೇಗದಲ್ಲಿ ಚೆಂಡು ಎಸೆಯುತ್ತಾನೆ. ಹೆಲ್ಮೆಟ್ ಇಲ್ಲದೆ ಅದರೆದುರು ನಿಲ್ಲುತ್ತೀರಾ? ಗಂಟೆಗೆ 200 ಕಿ.ಮೀ. ವೇಗದಲ್ಲಿ ಬರುವ ಹೆಲಿಕಾಪ್ಟರಿಗೆ ನಿಮ್ಮ ಡ್ರೋನ್ ಸುಮ್ನೆ ನಿಂತಲ್ಲೇ ಎದುರಾದರೂ, ಆ ಹೊಡೆತ ಚೆಂಡಿನ ಹೊಡೆತದ ಮೂರು ಪಟ್ಟು. ಅದೂ ಗಾಜಿನ ಮೇಲೆ, ಇಲ್ಲವೇ ಬಾಲದ ಸಣ್ಣ ಫ್ಯಾನ್ ಮೇಲೆ. ಬಾಲದ ಫ್ಯಾನ್ ಹೋದರೆ ಹೆಲಿಕಾಪ್ಟರ್ ಬುಗುರಿಯ ಹಾಗೆ ತಿರುಗುತ್ತದೆ.

ಹಕ್ಕಿಗಳೂ ಬಡಿಯುತ್ತವಲ್ಲ ಎಂದು ಕೇಳುವವರಿದ್ದಾರೆ. ಹಕ್ಕಿ ಮೆತ್ತಗಿನದು, ಒಡೆದು ಹರಡುತ್ತದೆ. ಡ್ರೋನಿನಲ್ಲಿ ಗಟ್ಟಿ ಮೋಟರು, ಬ್ಯಾಟರಿ, ಕ್ಯಾಮೆರಾ ಇವೆ. ಅಮೆರಿಕದ ಡೇಟನ್ ವಿಶ್ವವಿದ್ಯಾಲಯದವರು 2018ರಲ್ಲಿ ಸುಮಾರು ಒಂದು ಕಿಲೋ ತೂಕದ ಡ್ರೋನನ್ನು ಸಣ್ಣ ವಿಮಾನದ ರೆಕ್ಕೆಗೆ ಗುಂಡಿನ ಹಾಗೆ ಹೊಡೆದು ಪರೀಕ್ಷೆ ಮಾಡಿದರು. ಅದು ರೆಕ್ಕೆಯ ತೊಗಟೆ ಸೀಳಿ ಒಳಗಿನ ತೊಲೆಯವರೆಗೆ ಹೋಯಿತು. ಆ ವೇಗ ಜಾಸ್ತಿಯಾಯಿತು ಎಂದು ಡ್ರೋನ್ ಕಂಪನಿಯವರು ಜಗಳ ತೆಗೆದರು. ಇರಲಿ, ತೊಲೆಗೆ ಪೆಟ್ಟಾದದ್ದಂತೂ ಆಯಿತು.

ಈಗ ನಿಮ್ಮ ಮುಖ್ಯ ಮಾತಿಗೆ ಬರುತ್ತೇನೆ: ನಮ್ಮಲ್ಲಿ ಎಲ್ಲಿ ಬರುತ್ತೆ? ಬರುತ್ತದೆ. ದಿನವೂ ಅಲ್ಲ, ಪ್ರತಿ ಬೆಂಕಿಗೂ ಅಲ್ಲ. ಆದರೆ 2019ರ ಫೆಬ್ರವರಿಯಲ್ಲಿ ಬಂಡೀಪುರ ಉರಿದಾಗ ತಮಿಳುನಾಡಿನ ಸೂಲೂರಿನಿಂದ ವಾಯುಪಡೆಯ ಮಿ-17 ಹೆಲಿಕಾಪ್ಟರ್‌ಗಳು ಬಂದು ಬಕೆಟಿನಲ್ಲಿ ನೀರು ಸುರಿದವು. 2024ರ ಏಪ್ರಿಲ್‌ನಲ್ಲಿ ನೈನಿತಾಲ್ ಬೆಂಕಿಗೆ ಭೀಮತಾಲ್ ಕೆರೆಯಿಂದ ನೀರೆತ್ತಿದರು. ಅಷ್ಟು ದೂರವೂ ಬೇಡ. 2023ರ ಮಾರ್ಚ್‌ನಲ್ಲಿ ಗೋವಾದ ಮಹದಾಯಿ ಅಭಯಾರಣ್ಯದಲ್ಲಿ ಬೆಂಕಿ ಬಿದ್ದಾಗ ನೌಕಾಪಡೆ, ವಾಯುಪಡೆ ಎರಡರ ಹೆಲಿಕಾಪ್ಟರ್‌ಗಳೂ ನೀರು ಹೊತ್ತವು. ನಮ್ಮ ಉತ್ತರ ಕನ್ನಡದ ಜೊಯಿಡಾದವರಿಗೆ ಅದು ಪಕ್ಕದ ಮನೆ, ಘಟ್ಟದ ಅದೇ ಸಾಲು. ಗೋವಾದ ದಾಬೋಲಿಯಲ್ಲಿ ನೌಕಾಪಡೆಯ ವಿಮಾನ ನೆಲೆ ಇದೆ. ಅಲ್ಲಿಂದ ಕಾರವಾರಕ್ಕೆ ಹೆಲಿಕಾಪ್ಟರಿಗೆ ಅರ್ಧ ಗಂಟೆಯೂ ಬೇಡ. ನಮ್ಮಲ್ಲಿ ನೀರಿಗೇನು ಬರವೇ? ಕದ್ರಾ, ಕೊಡಸಳ್ಳಿ, ಸೂಪಾ ಅಣೆಕಟ್ಟುಗಳಿವೆ. ಹೆಲಿಕಾಪ್ಟರ್ ಬರಬೇಕೆಂದು ಜಿಲ್ಲಾಡಳಿತ ಕೇಳಿದರೆ, ಅದು ಬಂದಾಗ ನಿಮ್ಮೂರಿಗೆ ಯಾರೂ ಡಂಗುರ ಸಾರುವುದಿಲ್ಲ. ಒಮ್ಮೊಮ್ಮೆ ಬರೀ ನೋಡಿಕೊಂಡು ಹೋಗಲು ಬರುತ್ತದೆ, ಬಕೆಟ್ ಕೂಡ ಇರುವುದಿಲ್ಲ. ನಿಮಗೆ ಅದು ಗೊತ್ತಾಗುವುದು ಸದ್ದು ಕೇಳಿದ ಮೇಲೆಯೇ.

ಸದ್ದು ಕೇಳಿದ ಕೂಡಲೇ ಇಳಿಸುತ್ತೇನೆ ಎನ್ನುತ್ತೀರಿ. ಇದೂ ಮಾಮೂಲಿ ಉತ್ತರ. ಘಟ್ಟದಲ್ಲಿ ಸದ್ದನ್ನು ನಂಬಬೇಡಿ. ಏಣಿನ, ಅಂದರೆ ಬೆಟ್ಟದ ನೆತ್ತಿಯ ಸಾಲಿನ, ಆಚೆ ಇದ್ದಾಗ ಹೆಲಿಕಾಪ್ಟರ್ ಕೇಳಿಸುವುದೇ ಇಲ್ಲ. ಏಣು ದಾಟಿತೋ, ತಲೆಯ ಮೇಲೇ ಇರುತ್ತದೆ. ನಿಮ್ಮ ಡ್ರೋನ್ 120 ಮೀಟರ್ ಮೇಲಿದೆ ಎಂದುಕೊಳ್ಳಿ. ಸೆಕೆಂಡಿಗೆ 3 ಮೀಟರಿನಂತೆ ಇಳಿದರೆ 40 ಸೆಕೆಂಡ್ ಬೇಕು. ಆ 40 ಸೆಕೆಂಡಿನಲ್ಲಿ ಹೆಲಿಕಾಪ್ಟರ್ ಎರಡು ಕಿಲೋಮೀಟರಿಗಿಂತ ಜಾಸ್ತಿ ಬಂದಿರುತ್ತದೆ. ನೀರು ಸುರಿಯುವಾಗ ಅದು ಹಾರುವುದು ಮರದ ತುದಿಯಿಂದ ಸ್ವಲ್ಪವೇ ಮೇಲೆ. ಅಂದರೆ ನಿಮ್ಮ ಡ್ರೋನ್ ಇರುವ ಅದೇ ಎತ್ತರ.

ಇನ್ನೂ ಎರಡು ಸಂಗತಿ ಇವೆ. ಡ್ರೋನ್ ಹಾರಿಸುವ ಹಲವರಿಗೆ ಇವು ಗೊತ್ತೇ ಇರುವುದಿಲ್ಲ. ಒಂದು, ಪರದೆಯಲ್ಲಿ ಕಾಣುವ ಎತ್ತರ ನೀವು ನಿಂತ ಜಾಗದಿಂದ ಅಳೆದದ್ದು. ದೇವಿಮನೆ ಘಟ್ಟದ ತಲೆಯಲ್ಲಿ ನಿಂತು ಎತ್ತಿ, ಕುಮಟಾ ಬದಿಯ ಕಣಿವೆಯ ಮೇಲೆ ಕಳಿಸಿದಿರಿ ಅನ್ನಿ. ಪರದೆ 100 ಮೀಟರ್ ಎನ್ನುತ್ತದೆ. ಕೆಳಗಿನ ನೆಲದಿಂದ ಅದು ಮುನ್ನೂರು, ನಾನೂರು ಮೀಟರ್ ಮೇಲಿರಬಹುದು. ಕಣಿವೆಯೊಳಗೆ ಬರುವ ಹೆಲಿಕಾಪ್ಟರ್ ನಿಮ್ಮ ಡ್ರೋನಿಗಿಂತ ಕೆಳಗಿರಬಹುದು!

ಎರಡನೆಯದು ಸಿಗ್ನಲ್ ಕಟ್ಟಾದಾಗ ಆಗುವುದು. ಹೊಗೆ, ಮರ, ಗುಡ್ಡದ ಮಗ್ಗುಲು ಇಂಥ ಕಡೆ ಸಿಗ್ನಲ್ ಬೇಗ ತಪ್ಪುತ್ತದೆ. ಆಗ ಡ್ರೋನ್ ಮನೆಗೆ ಮರಳುವ ಕ್ರಮಕ್ಕೆ ಹೋಗುತ್ತದೆ. ಏನು ಮಾಡುತ್ತದೆ? ನೀವು ಮೊದಲೇ ಹೊಂದಿಸಿಟ್ಟ ಎತ್ತರಕ್ಕೆ ತಾನಾಗಿ ಮೇಲೇರುತ್ತದೆ, ಆಮೇಲೆ ನೆಟ್ಟಗೆ ವಾಪಸ್ ಬರುತ್ತದೆ. ನಮ್ಮ ಕಡೆ ಮರ ಎತ್ತರ ಅಂತ ಎಲ್ಲರೂ ಇದನ್ನು 80, 100 ಮೀಟರ್ ಇಟ್ಟಿರುತ್ತಾರೆ. ನಿಮ್ಮ ಕೈಯಲ್ಲಿ ಹಿಡಿತವೇ ಇಲ್ಲದ ಹೊತ್ತಿನಲ್ಲಿ ಅದು ಹೆಲಿಕಾಪ್ಟರಿನ ದಾರಿಗೆ ಏರಿ ನಿಲ್ಲುತ್ತದೆ. ನನ್ನ ವಿದ್ಯಾರ್ಥಿಯೊಬ್ಬ ಬೆಟ್ಟದ ಮೇಲೆ ಮೊದಲ ಸಲ ಇದನ್ನು ನೋಡಿ, ಸರ್ ಇದು ನನ್ನ ಮಾತು ಕೇಳ್ತಿಲ್ಲ ಎಂದು ಕಂಗಾಲಾಗಿದ್ದ. ಅವತ್ತು ಬೆಂಕಿ ಇರಲಿಲ್ಲ, ಬರೀ ಅಭ್ಯಾಸ. ಆದರೂ ಕೈ ನಡುಗುತ್ತಿತ್ತು.

ಕಾನೂನಿನ ಮಾತು ಬೇಗ ಮುಗಿಸುತ್ತೇನೆ. 2021ರ ಡ್ರೋನ್ ನಿಯಮಗಳಲ್ಲಿ 250 ಗ್ರಾಂವರೆಗಿನದು ನ್ಯಾನೊ. ಅದನ್ನು ಹಾರಿಸಲು ಪೈಲಟ್ ಪ್ರಮಾಣಪತ್ರ ಬೇಡ, ಸರಿ. (ರೆಕ್ಕೆಗೆ ರಕ್ಷಣೆಯ ಬಳೆ ಹಾಕಿ, ದೊಡ್ಡ ಬ್ಯಾಟರಿ ಹಾಕಿ ತೂಗಿ ನೋಡಿ, ನಿಮ್ಮದು ಇನ್ನೂ ನ್ಯಾನೊ ಆಗಿ ಉಳಿದಿದೆಯೇ ಎಂದು.) ಆದರೆ ಪ್ರಮಾಣಪತ್ರ ಬೇಡ ಎಂದರೆ ಎಲ್ಲಿ ಬೇಕಾದರೂ ಹಾರಿಸಬಹುದು ಎಂದಲ್ಲ. ಕೆಂಪು ವಲಯ, ಅಂದರೆ ಸರ್ಕಾರದ ಅನುಮತಿ ಇಲ್ಲದೆ ಹಾರಿಸಬಾರದ ಜಾಗ. ಅಲ್ಲಿ ತೂಕದ ರಿಯಾಯಿತಿ ಇಲ್ಲ. ಅರ್ಗಾದ ನೌಕಾನೆಲೆ, ಕೈಗಾ ಅಣು ಸ್ಥಾವರ ಇರುವ ಜಿಲ್ಲೆ ನಮ್ಮದು. ಡ್ರೋನ್ ವಲಯಗಳ ನಕ್ಷೆ ನೋಡದೆ ಎತ್ತಲೇಬೇಡಿ. ಮನುಷ್ಯರಿರುವ ವಿಮಾನಕ್ಕೆ ಡ್ರೋನ್ ದಾರಿ ಬಿಡಬೇಕು ಎಂಬುದೂ ಅದೇ ನಿಯಮಗಳಲ್ಲಿದೆ. ಇನ್ನೊಂದು ಅಂಶ ಬೆಂಕಿಯ ಹೊತ್ತಿನಲ್ಲಿ ಮುಖ್ಯ: ಎಸ್ಪಿ ದರ್ಜೆಗಿಂತ ಕಡಿಮೆಯಲ್ಲದ ಅಧಿಕಾರಿ ಒಂದು ಪ್ರದೇಶವನ್ನು ಒಮ್ಮೆಗೆ 96 ಗಂಟೆಯವರೆಗೆ ತಾತ್ಕಾಲಿಕ ಕೆಂಪು ವಲಯ ಎಂದು ಘೋಷಿಸಬಹುದು. ನಕ್ಷೆಯಲ್ಲಿ ನಿನ್ನೆ ಹಸಿರು ವಲಯದಲ್ಲಿದ್ದ ಬೆಟ್ಟ ಇವತ್ತು ಕೆಂಪಾಗಬಹುದು. ನಿಯಮ ಮುರಿದರೆ ದಂಡ ಒಂದು ಲಕ್ಷ ರೂಪಾಯಿವರೆಗೆ. ಅಭಯಾರಣ್ಯ, ಹುಲಿ ಸಂರಕ್ಷಿತ ಪ್ರದೇಶ ಆದರೆ ಅರಣ್ಯ ಇಲಾಖೆಯ ಅನುಮತಿ ಬೇರೆ ಬೇಕು.

ಇಷ್ಟೆಲ್ಲ ಹೇಳಿದ ಮೇಲೂ ನಿಮ್ಮ ಮಾತಿನಲ್ಲಿ ಒಂದು ಸತ್ಯ ಉಳಿಯುತ್ತದೆ. ನಮ್ಮ ಜಿಲ್ಲೆಯ ಬೆಂಕಿಯನ್ನು ಆರಿಸುವುದು ಹೆಚ್ಚಿನ ಸಲ ಕೈಕಾಲೇ. ಹಳಿಯಾಳ, ಮುಂಡಗೋಡ ಕಡೆಯ ಎಲೆ ಉದುರುವ ಕಾಡಿರಲಿ, ನಿಮ್ಮ ಕಡೆಯ ಸೊಪ್ಪಿನ ಬೆಟ್ಟದ ದರಕು (ಉದುರಿದ ಒಣ ಎಲೆ) ಇರಲಿ, ಕರಾವಳಿ ಗುಡ್ಡಗಳ ಒಣಗಿದ ಕರಡದ ಹುಲ್ಲಿರಲಿ, ಫೈರ್ ವಾಚರುಗಳು ಮತ್ತು ಊರವರು ಸೇರಿ ಹಸಿ ಸೊಪ್ಪಿನಿಂದ ಬಡಿದು, ದರಕು ಗುಡಿಸಿ ದಾರಿ ಮಾಡಿ, ಎದುರು ಬೆಂಕಿ ಕೊಟ್ಟು ನಿಲ್ಲಿಸುತ್ತಾರೆ. ಅಂಥ ಬೆಂಕಿಯಲ್ಲಿ ಡ್ರೋನ್ ಮಾಡುವ ತೊಂದರೆಯೇ ಬೇರೆ. ಗಾರ್ಡ್ ಇದನ್ನು ಹೇಳಿದ್ದರೆ ನಿಮಗೆ ಇಷ್ಟು ಬೇಜಾರಾಗುತ್ತಿರಲಿಲ್ಲ.

ನಿಮ್ಮ ಡ್ರೋನಿಗೆ ಬೆಂಕಿ ಕಾಣುವುದಿಲ್ಲ. ಹೊಗೆ ಕಾಣುತ್ತದೆ. ದರಕಿನ ಬೆಂಕಿ ಮರಗಳ ಕೆಳಗೆ ತೆವಳುತ್ತದೆ, ಮೇಲೆ ಎಲೆಯ ಚಪ್ಪರ ಇರುತ್ತದೆ. ಹೊಗೆ ಚಪ್ಪರದಿಂದ ಹೊರಗೆ ಬರುವಷ್ಟರಲ್ಲಿ ಗಾಳಿ ಅದನ್ನು ಎತ್ತಲೋ ಒಯ್ದಿರುತ್ತದೆ. ಬೆಳಿಗ್ಗೆ ಗಾಳಿ ಘಟ್ಟದಿಂದ ಕೆಳಗೆ, ಮಧ್ಯಾಹ್ನ ಕಡಲ ಗಾಳಿ ಮೇಲಕ್ಕೆ. ಆ ತಿರುಗುವ ಹೊತ್ತಿನಲ್ಲಿ ಪರದೆ ನೋಡಿ, ಅತ್ತ ಹೋಗ್ತಿದೆ, ಅತ್ತ ಓಡಿ ಎಂದು ಕೂಗಿದರೆ ಜನ ಅತ್ತಲೇ ಓಡುತ್ತಾರೆ. ಪರದೆಯಲ್ಲಿ ಕಂಡದ್ದನ್ನು ಯಾರೂ ಅನುಮಾನಿಸುವುದಿಲ್ಲ. ಬೆಂಕಿ ಇತ್ತ ಇರುತ್ತದೆ. ನೆಲ ಬಲ್ಲ ಹಳೇ ವಾಚರ್ ಮೂಗಿನಿಂದ ಹೇಳಿದ್ದು ನಿಮ್ಮ ವಿಡಿಯೊಗಿಂತ ಸರಿ ಇರುವ ಸಾಧ್ಯತೆ ಜಾಸ್ತಿ.

ಹೆಜ್ಜೇನು ಮರೆಯಬೇಡಿ. ಬೇಸಿಗೆಯಲ್ಲಿ ಬಂಡೆಗೆ, ದೊಡ್ಡ ಮರಗಳಿಗೆ ಗೂಡು ಕಟ್ಟಿರುತ್ತವೆ. ಹೊಗೆಗೆ ಮೊದಲೇ ಸಿಟ್ಟಾಗಿರುವ ಹುಳುಗಳ ಹತ್ತಿರ ಗುಂಯ್ ಎನ್ನುವ ಯಂತ್ರ ಹೋದರೆ, ಕಚ್ಚಿಸಿಕೊಳ್ಳುವುದು ಕೆಳಗಿದ್ದವರು. ಗಿಡುಗ, ಗರುಡಗಳೂ ಡ್ರೋನಿನ ಮೇಲೆ ಎರಗುತ್ತವೆ. ಆಗ ಡ್ರೋನ್ ಬೀಳುವುದು ಎಲ್ಲಿಗೆ? ಒಣ ದರಕಿನ ಮೇಲೆ. ಅದರ ಬ್ಯಾಟರಿ ಲಿಥಿಯಂ. ಪೆಟ್ಟು ಬಿದ್ದರೆ ತಾನೇ ಹೊತ್ತಿಕೊಳ್ಳಬಹುದು. 2018ರ ಮಾರ್ಚ್‌ನಲ್ಲಿ ಅಮೆರಿಕದ ಅರಿಜೋನಾದಲ್ಲಿ, ಫ್ಲ್ಯಾಗ್‌ಸ್ಟಾಫ್ ಹತ್ತಿರ, ಡ್ರೋನ್ ಒಂದು ಹುಲ್ಲುಗಾವಲಿಗೆ ಬಿದ್ದು ಹೊತ್ತಿತು. 335 ಎಕರೆ ಸುಟ್ಟಿತು. ಬೆಂಕಿ ನೋಡಲು ಹೋದ ಯಂತ್ರ ಬೆಟ್ಟದ ಆಚೆ ಬದಿಯಲ್ಲಿ ಇನ್ನೊಂದು ಬೆಂಕಿ ಹಚ್ಚಿ ಬಂದರೆ, ಊರವರಿಗೆ ಏನು ಹೇಳುತ್ತೀರಿ?

ಡ್ರೋನ್ ಕೆಲಸಕ್ಕೆ ಬಾರದ್ದು ಎಂದು ನಾನು ಹೇಳಿದರೆ ನನ್ನ ಹೊಟ್ಟೆಪಾಡೇ ಹೋಗುತ್ತದೆ. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗ, ಮಣ್ಣಿನಡಿ ಮತ್ತು ಗಂಗಾವಳಿಯಲ್ಲಿ ಹುಡುಕಲು ಡ್ರೋನ್ ತಂತ್ರಜ್ಞಾನ ತರಿಸಿದ್ದರು. ಬೆಂಕಿಯಲ್ಲೂ ಶಾಖ ಕಾಣುವ ಕ್ಯಾಮೆರಾ ಇದ್ದರೆ ಬಹಳ ಉಪಯೋಗ. ವ್ಯತ್ಯಾಸ ಇಷ್ಟೇ: ಶಿರೂರಿನಲ್ಲಿ ಹಾರಿಸಿದವರು ಯಾರದೋ ಹತೋಟಿಯಲ್ಲಿದ್ದರು. ಆಕಾಶದಲ್ಲಿ ಏನಿದೆ ಎಂದು ಒಬ್ಬರಿಗೆ ಗೊತ್ತಿತ್ತು. ನಿಮ್ಮ ಡ್ರೋನ್ ಮೇಲಿದೆ ಎಂಬುದು ನಿಮ್ಮೊಬ್ಬರಿಗೇ ಗೊತ್ತಿತ್ತು.

ಮತ್ತೆ ಬೆಂಕಿ ಕಂಡರೆ ಮೊದಲು ಫೋನ್ ತೆಗೆಯಿರಿ. 112, ಇಲ್ಲವೇ ಅರಣ್ಯ ಸಹಾಯವಾಣಿ 1926. ಬೆಟ್ಟದ ಹೆಸರು, ಹತ್ತಿರದ ದೇವಸ್ಥಾನವೋ ಕೆರೆಯೋ, ಗಾಡಿ ಎಲ್ಲಿವರೆಗೆ ಬರುತ್ತದೆ, ಇಷ್ಟು ಹೇಳಿ. ಲೊಕೇಶನ್ ಕಳಿಸಿದರೆ ಇನ್ನೂ ಒಳ್ಳೆಯದು. ಉಪಗ್ರಹದಿಂದ ಇಲಾಖೆಗೆ ಬೆಂಕಿಯ ಸೂಚನೆ ಹೋಗುತ್ತದೆ. ಆದರೆ ಉಪಗ್ರಹ ತಲೆಯ ಮೇಲೆ ಬರುವುದು ದಿನಕ್ಕೆ ಕೆಲವೇ ಸಲ, ನಿಮ್ಮ ಫೋನ್ ಅದಕ್ಕಿಂತ ಮೊದಲು. ಸ್ಥಳದಲ್ಲಿ ಹೊಣೆ ಹೊತ್ತ ಅಧಿಕಾರಿ ತಾವಾಗಿ ಕೇಳಿದರೆ ಮಾತ್ರ ಡ್ರೋನ್ ಎತ್ತಿ. ಆಗಲೂ ಹೆಲಿಕಾಪ್ಟರ್ ಬರುತ್ತದೆಯೇ ಎಂದು ಮೊದಲು ಅವರನ್ನೇ ಕೇಳಿ. ಆಕಾಶ ನೋಡಲು ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿಕೊಳ್ಳಿ. ಡ್ರೋನ್ ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಇರಲಿ.

ನಿಮ್ಮ ಡ್ರೋನಿಗೆ ನಿಜವಾದ ಕೆಲಸ ಇರುವುದು ಬೆಂಕಿಗಿಂತ ಮೊದಲು. ಬೇಸಿಗೆ ಕಾಲಿಡುವ ಹೊತ್ತಿಗೆ ಫೈರ್ ಲೈನ್ (ಬೆಂಕಿ ದಾಟದಂತೆ ಖಾಲಿ ಬಿಡುವ ಪಟ್ಟಿ) ಸವರಲು ಶುರು ಮಾಡುತ್ತಾರೆ. ಆ ಸಾಲು ಎಲ್ಲಿ ಕಡಿದಿದೆ, ಎಲ್ಲಿ ದರಕು ಮತ್ತೆ ಬಿದ್ದು ಮುಚ್ಚಿದೆ ಎಂಬುದು ನಡೆದು ನೋಡಿದರೆ ಎರಡು ದಿನದ ಕೆಲಸ. ಮೇಲಿನಿಂದ ಒಂದು ಬೆಳಿಗ್ಗೆ ಸಾಕು. ಡಿಸೆಂಬರಿನಲ್ಲೇ ರೇಂಜ್ ಆಫೀಸಿಗೆ ಹೋಗಿ ಹೆಸರು, ನಂಬರು ಕೊಟ್ಟು, ಬೇಕಾದರೆ ಕರೆಯಿರಿ ಎಂದು ಹೇಳಿ ಬನ್ನಿ. ಬೈದ ಆ ಗಾರ್ಡ್ ಸಿಕ್ಕರೆ ಅವರ ಜೊತೆಗೇ ಹೋಗಿ. ಮೂರು ಬ್ಯಾಟರಿ ಒಯ್ಯಿರಿ, ಬೆಟ್ಟದಲ್ಲಿ ಚಾರ್ಜ್ ಮಾಡಲು ಜಾಗ ಇರುವುದಿಲ್ಲ.